ಮೊದಲ ಬಂಡಿಯ ಹಿಂಬದಿ ಜಾಗ

ಅಮೆರಿಕದ ವಯೋಮಿಂಗಿನ ಒಂದು ಹಳೆಯ ಕೋಟೆಯಲ್ಲಿ ಕಸ ಗುಡಿಸುತ್ತ, ಬಂದವರಿಗೆ ಸುತ್ತಾಡಿಸಿ ತೋರಿಸುತ್ತ ಲವೀನಾ ಟಟಲ್ ನಲವತ್ತು ವರ್ಷ ಕಳೆದಿದ್ದಳು. ಸೈನಿಕರ ಬೂಟು, ಮುರಿದ ಬಂಡಿಗಾಲಿ, ತುಕ್ಕು ಹಿಡಿದ ಕಾಫಿ ಕೆಟಲ್ಲು, ಎಲ್ಲದರ ಜಾತಕವೂ ಅವಳ ನಾಲಿಗೆಯ ತುದಿಯಲ್ಲಿತ್ತು. ಆಸೆ ಒಂದೇ: ಮಂಡಿ ಪೂರ್ತಿ ಕೈಕೊಡುವ ಮೊದಲು, ಹಿಂದೆ ಬಂಡಿ ಕಟ್ಟಿಕೊಂಡು ಈ ದಾರಿಯಲ್ಲಿ ಪಶ್ಚಿಮಕ್ಕೆ ವಲಸೆ ಹೋದವರ ನೆನಪಿಗೆ ನಡೆಯುವ ಜುಲೈ ಮೆರವಣಿಗೆಯ ಮೊದಲ ಬಂಡಿಯಲ್ಲಿ ಒಂದು ಸಲ ಕೂರಬೇಕು.

ಆ ಬಂಡಿಗೊಂದು ಕಟ್ಟುಪಾಡು. ಕೋಟೆಯ ಹಿಂದಿನ ಬಂಡೆಯ ಮೇಲೆ ಯಾರ ಹಿರಿಯರ ಹೆಸರು ಕೆತ್ತಿದೆಯೋ ಅವರಿಗಷ್ಟೇ ಜಾಗ. ಲವೀನಾಳ ಮುತ್ತಜ್ಜ ಹೈರಮ್ ಪಡುವಣ ಕಡಲನ್ನೇ ಮುಟ್ಟಿ ಬಂದು, ಆಮೇಲೆ ಈ ಕೋಟೆಯಲ್ಲಿ ಬ್ರೆಡ್ ಸುಡುತ್ತ ನೆಲೆಸಿದ ಶೂರನೆಂದು ಮನೆಯವರು ಕೊಚ್ಚಿಕೊಳ್ಳುತ್ತಿದ್ದರು. ಹೆಸರು ಮಾತ್ರ ಎಲ್ಲೂ ಇರಲಿಲ್ಲ.

ಮೆರವಣಿಗೆಗೆ ಎರಡು ದಿನವಿದ್ದಾಗ ಬಂಡೆಯ ಮೇಲಿದ್ದ ಹಳೆಯ ಮಣ್ಣಿನ ಹಕ್ಕಿಗೂಡು ಕಳಚಿ ಬಿತ್ತು. ಅದರಡಿ ಅಕ್ಷರಗಳಿದ್ದವು: "ಹೈರಮ್ ಟಟಲ್, 1852. ಸಾಕಾಯಿತು. ಮನೆಗೆ ಹೊರಟೆ." ಪಕ್ಕದಲ್ಲಿ ಪೂರ್ವದ ಕಡೆಗೊಂದು ಬಾಣ.

ಲವೀನಾ ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು. ಶೂರ ಕಡಲಿರಲಿ, ಮುಂದಿನ ಹೊಳೆಯನ್ನೂ ಕಂಡಿರಲಿಲ್ಲ. ವಾಪಸ್ ಹೊರಟವನ ಗಾಲಿ ಕೋಟೆ ಬಾಗಿಲಲ್ಲೇ ಮುರಿದಿರಬೇಕು. ಕೊನೆಯ ಸಾಲಿಗೆ ಒಂದು ಹಿಡಿ ಮಣ್ಣು ಮೆತ್ತೋಣವೇ ಎಂದುಕೊಂಡಳು, ಮೆತ್ತಲಿಲ್ಲ. ಮೆರವಣಿಗೆಯ ಯಜಮಾನ, ತನ್ನ ಜೊತೆ ಶಾಲೆಗೆ ಹೋದ ಆರ್ವಿಲ್‌ನನ್ನು ಕರೆತಂದಳು.

ಆರ್ವಿಲ್ ಕನ್ನಡಕ ಏರಿಸಿ ಓದಿದ. "ಇದು ಪಶ್ಚಿಮಕ್ಕೆ ಹೋದೋರ ಬಂಡಿ ಕಣೇ. ನಿಮ್ಮಜ್ಜ ಬಾಲ ಮುದುರ್ಕೊಂಡು ಓಡಿದ್ದಾನೆ."

"ಕಟ್ಟುಪಾಡಲ್ಲಿ ಹೆಸರಿರ್ಬೇಕು ಅಂತ ಬರ್ದಿದೀಯ. ಮುಖ ಯಾವ ಕಡೆಗಿರ್ಬೇಕು ಅಂತ ಬರ್ದಿಲ್ವಲ್ಲ."

"ಹಂಗಾದ್ರೆ ನೀನೂ ಹಿಂದಕ್ಕೆ ಮುಖ ಮಾಡ್ಕೊಂಡು ಕೂತ್ಕೋ. ಊರೆಲ್ಲ ನಗತ್ತೆ, ನಾಚಿಕೆ ಆಗಲ್ವಾ?"

"ಆಗತ್ತೆ ಕಣೋ. ಆದ್ರೂ ಕೂರ್ತೀನಿ."

ಕೂತೇಬಿಟ್ಟಳು. ಬಂಡಿಯ ಹಿಂಬದಿಯಲ್ಲಿ ಕಾಲು ಇಳಿಬಿಟ್ಟು, ಪೂರ್ವಕ್ಕೆ ಮುಖ ಮಾಡಿ. ಮೊದಲು ನಗು ಎದ್ದಿದ್ದು ನಿಜ. ಆದರೆ ವಾದ್ಯದವರು, ಕುದುರೆಯವರು, ಮಕ್ಕಳನ್ನು ಹೆಗಲಿಗೇರಿಸಿದವರು, ಇಡೀ ಊರೇ ಅವಳೆದುರಿಗೆ ನಡೆದು ಬರುತ್ತಿತ್ತು. ಆ ಬಂಡೆಯ ಮೇಲೆ ಅವಳು ಯಾರಿಗೆಲ್ಲ ಅಜ್ಜಂದಿರ ಹೆಸರು ಹುಡುಕಿಕೊಟ್ಟಿದ್ದಳೋ ಅವರೆಲ್ಲ ಕೈ ಬೀಸುತ್ತಿದ್ದರು. ಅವಳಿಗೆ ಖುಷಿಯಲ್ಲಿ ತಲೆಯೇ ತಿರುಗಿತು.

ಮುಂದೆ, ಬಂಡಿ ಹೊಡೆಯುವವನ ಪಕ್ಕದ ಸೀಟಿನಿಂದ ಆರ್ವಿಲ್ ಕತ್ತು ತಿರುಗಿಸಿ ಕೇಳಿದ, "ಏನೇ ಕಾಣ್ತಿದೆ ಅಲ್ಲಿ?"

"ಊರೇ ಕಾಣ್ತಿದೆ. ನಿಂಗೆ?"

ಆರ್ವಿಲ್ ಎದುರಿಗೆ ಬಂಡಿ ಎಳೆಯುತ್ತಿದ್ದ ನಾಲ್ಕು ಹೇಸರಗತ್ತೆಗಳ ಹಿಂಭಾಗದ ವೈಭವವನ್ನು ಇನ್ನೊಮ್ಮೆ ನೋಡಿದ. ಆಮೇಲೆ ಟೋಪಿ ಹಿಡಿದುಕೊಂಡು, ಸೀಟು ದಾಟಿ ಹಿಂದಕ್ಕೆ ಬಂದ.

"ಸ್ವಲ್ಪ ಸರ್ಕೊಳ್ಳೇ," ಎಂದ.