ನಿಮ್ಮ ದಾರಿ ಕಾಯ್ತಿರ್ತೀನಿ

ಹೆಂಡತಿ ತೀರಿಕೊಂಡ ಮೇಲೆ ಅವಳಿಂದ ನನಗೆ ಬಂದ ಮೊದಲ ಮೆಸೇಜು ಸೀರೆಯ ಜಾಹೀರಾತು ಎಂದರೆ ನೀವು ನಂಬಲಿಕ್ಕಿಲ್ಲ. ನಾನೂ ನಂಬಲಿಲ್ಲ. ಲೋಟ ಕೈಯಲ್ಲೇ ಇತ್ತು, ಚಹಾ ಅಂಗಿಯ ಮೇಲಿತ್ತು.

“ಪಂಚಮಿಗೆ ಹೊಸ ಸೀರಿ ಬಂದಾವ. ನಿಮ್ಮ ದಾರಿ ಕಾಯ್ತಿರ್ತೀನಿ. ಲಗೂ ಬರ್ರಿ. – ನಿಮ್ಮ ಗಿರಿಜಾ.”

ಬ್ರೂಸ್‌ಪೇಟೆಯಲ್ಲಿ ನಮ್ಮದೊಂದು ಸೀರೆ ಅಂಗಡಿ. ಸಿರುಗುಪ್ಪ, ಕುರುಗೋಡಿನಲ್ಲಿ ಅದರ ಮರಿಗಳು. ಮೂರೂ ಕಡೆಯ ಗಿರಾಕಿಗಳನ್ನು ಕೂತಲ್ಲಿಂದಲೇ ಮಾತಾಡಿಸಲು, ದೊಡ್ಡ ಕಂಪನಿಗಳು ಇಟ್ಟುಕೊಳ್ಳುವಂಥ ಮಾರ್ಕೆಟಿಂಗ್ ಸಾಫ್ಟ್‌ವೇರ್ ಹಾಕಿಸಿದ್ದೆವು. ಕಲಿಸಲು ಬಂದ ಇಂಜಿನಿಯರು, “ಇದರ ಪೂರ್ತಿ ಲಾಭ ಬೇಕಂದ್ರ ಮೆಸೇಜು ಅಂಗಡಿ ಹೆಸರಿಲೆ ಹೋಗಬಾರದ್ರಿ, ಮನುಷ್ಯರ ಹೆಸರಿಲೆ ಹೋಗಬೇಕು” ಎಂದರು. ನನ್ನ ಹೆಸರನ್ನು ಗಿರಿಜಾ ಅಲ್ಲೇ ತಳ್ಳಿಹಾಕಿದಳು. “ನೀವು ಕರದ್ರ ಬರೋರೂ ಬರಾಂಗಿಲ್ಲ.” ವರ್ಷದ ಹಬ್ಬಗಳಿಗೆಲ್ಲ ತಾನೇ ಬರೆದು, ತಾರೀಖು ಹಾಕಿ ಇಟ್ಟಳು. ಬೇಸಿಗೆಯಲ್ಲಿ ಎದೆನೋವು ಬಂದು ಹೋಗಿಬಿಟ್ಟಳು. ಯಂತ್ರಕ್ಕೆ ಸೂತಕವಿಲ್ಲ. ಪಂಚಮಿ ಬಂದೊಡನೆ ಎಲ್ಲರನ್ನೂ ಕರೆಯಿತು. ಪಟ್ಟಿಯಲ್ಲಿ ನಾನೂ ಇದ್ದೆ.

ಮೊದಲ ಫೋನು ಸಿರುಗುಪ್ಪದ ಹಳೆಯ ಗಿರಾಕಿ ಈರಮ್ಮನದು.

“ಏನಪಾ ತಮ್ಮಾ, ನಿನ್ನ ಹೇಣ್ತಿ ಅಲ್ಲಿಂದ ನನ್ನ ದಾರಿ ಕಾಯಾಕ ಹತ್ಯಾಳಲ್ಲ. ಮೊಮ್ಮಗಳ ಮದುವಿ ಐತಿ, ಸ್ವಲ್ಪ ತಡಾ ಆಗ್ತೈತಿ ಅಂತ ಹೇಳಿಬಿಡು.”

ನಕ್ಕೆ. ನಕ್ಕದ್ದಕ್ಕೆ ಇನ್ನೊಮ್ಮೆ ಗಾಬರಿಯಾದೆ.

ಸಂಜೆ ಇಂಜಿನಿಯರ ಫೋನು. “ಸರ, ಇಷ್ಟು ಉತ್ತರ ಯಾವ ಮೆಸೇಜಿಗೂ ಬಂದಿಲ್ರಿ. ಮೇಡಂ ಹೆಸರು ತೆಗೀಬ್ಯಾಡ್ರಿ.”

“ಮೇಡಂ ಇಲ್ಲಪಾ.”

“ಗೊತ್ತೈತ್ರಿ. ಆದ್ರ ದಸರಾ, ದೀಪಾವಳಿದು ಬರದಿಟ್ಟಾರಲ್ರಿ.”

ಅದೇ ನನ್ನ ಸಂಕಟ. ಅವನ್ನು ಹೋಗಲು ಬಿಟ್ಟರೆ ಸತ್ತ ಮೇಲೂ ಅವಳನ್ನು ಸೀರೆ ಮಾರಲು ಹಚ್ಚಿದಂತೆ. ನಿಲ್ಲಿಸಿದರೆ ಅವಳು ಇನ್ನೂ ಆಡದೆ ಉಳಿದ ಮಾತುಗಳ ಬಾಯಿ ಮುಚ್ಚಿದಂತೆ. ನಮ್ಮ ಜನ ದೀಪ ಆರಿಸು ಎನ್ನುವುದಿಲ್ಲ, ದೊಡ್ಡದು ಮಾಡು ಎನ್ನುತ್ತಾರೆ. ಹೊರಟವರು ಹೋಗ್ತೀನಿ ಎನ್ನದೆ ಬರ್ತೀನಿ ಎನ್ನುತ್ತಾರೆ. ಇಷ್ಟೆಲ್ಲ ಸುತ್ತಿ ಬಳಸಿ ಬದುಕಿದ ನನ್ನೆದುರು ಸಾಫ್ಟ್‌ವೇರಿನ ಪರದೆ ಇಟ್ಟದ್ದು ಎರಡೇ ಮಾತು: ಮುಂದುವರಿಸು, ಅಳಿಸು. ದಸರಾ, ದೀಪಾವಳಿಯವನ್ನು ತೆರೆದು ನೋಡಲಿಲ್ಲ. ಓದಿದ್ದರೆ ಬೆರಳು ಏಳುತ್ತಿರಲಿಲ್ಲ. ಅಳಿಸಿದೆ.

ಆಮೇಲೆ ಪಟ್ಟಿಯವರಿಗೆಲ್ಲ ನನ್ನ ಹೆಸರಿನಲ್ಲೇ ಬರೆದೆ. “ಗಿರಿಜಾ ಬೇಸಿಗೆಯಲ್ಲಿ ತೀರಿಕೊಂಡಳು. ಆ ಮೆಸೇಜು ಮೊದಲೇ ಬರೆದಿಟ್ಟದ್ದು. ತಪ್ಪು ತಿಳಿಯಬೇಡಿ. ಅಂಗಡಿ ತೆರೆದಿದೆ.” ಇಷ್ಟು ಒಣ ಮಾತಿಗೆ ಯಾರು ಉತ್ತರ ಕೊಡುತ್ತಾರೆ?

ಯಾರೂ ಕೊಟ್ಟಿಲ್ಲ ಎಂದೇ ಸಾಫ್ಟ್‌ವೇರ್ ತೋರಿಸಿತು. ಉತ್ತರಗಳು ಬಂದಿದ್ದವು, ಅದು ಎಲ್ಲವನ್ನೂ ‘ಖರೀದಿಗೆ ಸಂಬಂಧವಿಲ್ಲದವು’ ಎಂಬ ಮೂಲೆಗೆ ದೂಡಿತ್ತು, ಅಷ್ಟೆ. ಕುರುಗೋಡಿನಿಂದ ಒಬ್ಬರು: “ಅಡಿಗಿ ನೀನ ಮಾಡ್ಕೋತಿಯೋ, ಹೋಟೆಲ್ಲೋ?” ಮೋಕ ಹಳ್ಳಿಯಿಂದ ಇನ್ನೊಬ್ಬರು: “ಈ ಕಡಿ ಬಂದ್ರ ಮನಿಗೆ ಬಾ, ಬಿಸಿ ರೊಟ್ಟಿ ಹಾಕ್ತೀನಿ.” ಈರಮ್ಮನದು ಎರಡೇ ಪದ: “ಊಟ ಆತೇನು?” ಊಟದ ಹೊತ್ತಾದರೆ ಮತ್ತೆ ಅದನ್ನೇ ಕೇಳುತ್ತಾಳೆ.

ಆ ಮೂಲೆಯನ್ನು ಆಗಾಗ ಖಾಲಿ ಮಾಡಬೇಕಂತೆ. ಇಂಜಿನಿಯರು ಹೇಳುತ್ತಲೇ ಇರುತ್ತಾರೆ, ನಾನು ಹೂಂ ಎನ್ನುತ್ತೇನೆ. ಅಂಗಡಿಗೆ ಬಂದವನೇ ಮೊದಲು ತೆರೆಯುವುದು ಅದನ್ನೇ. ಈರಮ್ಮನಿಗೆ ಸುಳ್ಳು ಬರೆಯಲು ಮನಸ್ಸಾಗದೆ, ಈಗೀಗ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೇನೆ.