ಕೇಳುವ ತನಕ ಕೊಡಬಾರದು

ಹಸಿದ ಮಗುವಿನ ಮುಂದೆ ತಿನಿಸು ಹಿಡಿದು ಸುಮ್ಮನೆ ಕೂರಬೇಕು ಎಂದು ಹೈದರಾಬಾದಿನಲ್ಲಿ ನನಗೆ ಪಾಠ ಮಾಡಿದರು. ಮೊದಲ ದಿನವೇ ಎದ್ದು ಬರಬೇಕೆನಿಸಿತು.

ಮಗಳು ನೀಲಾಗೆ ಆಗ ನಾಲ್ಕು ವರ್ಷ, ಆಟಿಸಂ. ಮಾತಿರಲಿ, ಬೇಕಾದದ್ದರತ್ತ ಬೆರಳು ತೋರಿಸುತ್ತಲೂ ಇರಲಿಲ್ಲ. ರಾಯಚೂರು ಕಡೆಯ ನಮ್ಮೂರಲ್ಲಿ ಕಲಿಸುವವರಿಲ್ಲವೆಂದು ನಮ್ಮ ಮನೆಯವರು ಹೈದರಾಬಾದಿನ ಕಾರ್ಖಾನೆಯಲ್ಲಿ ಕೆಲಸ ಹಿಡಿದರು. ಮೆಹದಿಪಟ್ಟಣಂನಲ್ಲಿ ಬಾಡಿಗೆ ಮನೆ. ಕೆಳಗೆ ಚರಂಡಿಯ ನಾತ, ಮೇಲಿನಿಂದ ಸಾಫ್ಟ್‌ವೇರ್ ಹುಡುಗರು ಎಸೆಯುವ ಬಿರಿಯಾನಿ ಎಲುಬು. ಥೂ, ಇದೂ ಒಂದು ಊರೇ?

ನಾರಾಯಣಗೂಡದ ಗೋಡೆಗಳ ತುಂಬ ತಿಂಗಳಲ್ಲಿ ಇಂಗ್ಲಿಷ್ ಕಲಿಸುವ ಪೋಸ್ಟರುಗಳು. ಅಲ್ಲೇ ಒಂದು ಮಹಡಿಯ ಕೋಣೆಯಲ್ಲಿ ನಮ್ಮಂಥ ತಾಯಂದಿರಿಗೆ ತರಬೇತಿ. ಮಂಡಾಳ ಒಗ್ಗರಣೆ, ಅದೇ ಒಗ್ಗರಣೆ ಹಾಕಿದ ಮಂಡಕ್ಕಿ, ಎಂದರೆ ನೀಲಾಗೆ ಜೀವ. ಒಂದು ಚಿಟಿಕೆ ಕೊಟ್ಟು ಡಬ್ಬಿ ಮುಚ್ಚಬೇಕು, ಅವಳಾಗಿಯೇ ಕೇಳುವ ತನಕ ಅವಳ ಮುಖ ನೋಡುತ್ತ ಕಾಯಬೇಕು. ನನ್ನ ಕೈ ಮುಚ್ಚಳಕ್ಕೆ ಹೋದಾಗಲೆಲ್ಲ ತರಬೇತಿ ಕೊಡುವ ಮೇಡಂ ತಡೆಯುತ್ತಿದ್ದರು: "ಆಗಂಡಮ್ಮಾ." ತೆಲುಗಿನಲ್ಲಿ ಹಾಗೆಂದರೆ ತಾಳಮ್ಮಾ ಎಂದು. ನೀಲಾ ಅಳುತ್ತಿದ್ದಳು, ನಾನು ತಾಳುತ್ತಿದ್ದೆ. ನನ್ನ ಮೇಲೆ ನನಗೇ ಹೇಸಿಗೆ.

ಐದನೆಯ ವಾರ ಅವಳು ನನ್ನ ಕೈ ಎತ್ತಿ ಮುಚ್ಚಳದ ಮೇಲಿಟ್ಟಳು. ನನ್ನ ಕಣ್ಣನ್ನೇ ನೋಡಿ "ಕೊಡು" ಎಂದಳು. ಗಳಗಳ ಅತ್ತುಬಿಟ್ಟೆ. ಆಮೇಲೆ ದಿನಕ್ಕೆ ನಾಲ್ಕೈದು ಸಲ ಕೇಳತೊಡಗಿದಳು.

ದಸರೆಗೆ ಊರಿಗೆ ಹೋದೆವು. ಕೂಸು ಬಾಯಿಬಿಟ್ಟು ಕೇಳುವಂತಾದರೆ ಮನೆಗೇ ಅವಮಾನ ಎನ್ನುವ ಮಂದಿ ನಮ್ಮವರು. ಅವಳು ತಿರುಗುವ ಮೊದಲೇ ಕೈಗೆ ಉಂಡಿ, ಬಾಯಿಗೆ ತುತ್ತು. ನಾನು ಡಬ್ಬಿ ಹಿಡಿದು ಕೂತರೆ ಅತ್ತೆ ಕಸಿದುಕೊಂಡರು.

"ನಾಯಿ ಆಡಿಸಿದಂಗ ಕೂಸಿನ್ನ ಆಡಸಾಕತ್ತಿಯಲ್ಲ, ಹೇಸಿಗಿ ಅನಸಂಗಿಲ್ಲೇನು ನಿನಗ?"

"ಭಾಳ ಅನಸತೈತ್ರಿ ಅತ್ತಿ. ಆದ್ರ ಅಕಿ ಕೇಳಲಿ ಬಿಡ್ರಿ."

"ನಾವಿರೂತನಕ ಅಕಿ ಯಾಕ ಕೇಳಬೇಕು?"

ಎಂಟು ದಿನದಲ್ಲಿ ಆ ಒಂದು ಮಾತೂ ನಿಂತಿತು. ನೀಲಾ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಆ ಪ್ರೀತಿಯ ಮೇಲೂ ನನಗೆ ಅಸಹ್ಯ ಹುಟ್ಟಿತು. ಹಬ್ಬ ಮುಗಿಯುವ ಮೊದಲೇ ಗಂಟು ಕಟ್ಟಿದೆ.

ಬಸ್ಸಿನ ಹತ್ತಿರ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದರು, "ಮತ್ತ ಯಾವಾಗ ಬರ್ತೀರಿ?"

ಇಲ್ಲಿ ಎಲ್ಲರೂ ಇದ್ದೀರಿ, ಅದಕ್ಕೇ ಬರಲಾರೆವು ಎಂದು ಅವರಿಗೆ ಹೇಗೆ ಹೇಳಲಿ?

"ಲಗೂನ ಬರ್ತೀವ್ರಿ" ಎಂದು ಸುಳ್ಳು ಹೇಳಿ ಬಸ್ಸು ಹತ್ತಿದೆ.