ಅಲಗಿಗೆ ರಕ್ತವಿಲ್ಲ ಎಂದ ಫಿಡೆಲಿಸ್ ಸರ್

ವಿಮಾನದ ಎಂಜಿನಿನೊಳಗೆ ಬೆಂಕಿಯಂಥ ಗಾಳಿಗೆ ಎದುರಾಗಿ ತಿರುಗುವ ಲೋಹದ ಅಲಗುಗಳಲ್ಲಿ ಸೂಜಿಮೊನೆಯಂಥ ತೂತುಗಳಿರುತ್ತವೆ. ಅವುಗಳಿಂದ ಹೊರಡುವ ತಂಪುಗಾಳಿ ಅಲಗಿನ ಮೈಮೇಲೆ ತೆಳುಪೊರೆಯಾಗಿ ಹರಡಿ ಅದು ಕರಗದಂತೆ ಕಾಯುತ್ತದೆ. ಆ ತೂತು ಎಷ್ಟು ಓರೆಯಾಗಿರಬೇಕು, ಅದರ ಬಾಯಿ ಎಷ್ಟು ಅಗಲವಿರಬೇಕು ಎಂಬುದಕ್ಕೆ ಮೂವತ್ತು ವರ್ಷ ಕೊಟ್ಟು, ಈ ಮೇ ತಿಂಗಳಲ್ಲಿ ನಿವೃತ್ತರಾಗುತ್ತಿರುವ ಪ್ರೊಫೆಸರ್ ಫಿಡೆಲಿಸ್ ಮೊಂತೇರೊ ಅವರದು ಈ ವಿಷಯ ಬಲ್ಲವರ ನಡುವೆ ಗೌರವದ ಹೆಸರು.

"ಸರ್ ಅವರ ಸಾಧನೆಯ ಬಗ್ಗೆ ಬರೆಯಿರಿ" ಎಂದು ಬೀಳ್ಕೊಡುಗೆ ಸಂಚಿಕೆಯ ಸಂಪಾದಕಿ ಹಿಲ್ಡಾ ಮೇಡಂ ಹೇಳಿದ್ದಾರೆ. ಅಕ್ಕಿ ನೆನೆಹಾಕಿ ಬರೆಯಲು ಕುಳಿತರೆ ನನಗೆ ನೆನಪಾಗುವುದು ಅವರ ಒಂದು ತಪ್ಪು. ಇದು ಇಲ್ಲಿ ಸಲ್ಲುತ್ತದೋ ಇಲ್ಲವೋ ತಿಳಿಯದು.

೨೦೦೧ರಿಂದ ನಾಲ್ಕು ವರ್ಷ ನಾನು ಅವರ ವಿದ್ಯಾರ್ಥಿನಿ. ಕೊನೆಯ ವರ್ಷದ ರಂಜಾನಿನಲ್ಲಿ, ನಾನು ಉಪವಾಸವಿದ್ದಾಗ, ಬಿಸಿಗಾಳಿಯ ಪ್ರಯೋಗಗಳನ್ನೆಲ್ಲ ಅವರು ಬೆಳಗ್ಗೆಯೇ ಮುಗಿಸಿಬಿಡುತ್ತಿದ್ದರು. ಕಾರಣ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮದುವೆಯಾಗಿ ಬದಿಯಡ್ಕಕ್ಕೆ ಬಂದ ಮೇಲೂ ಹಬ್ಬಕ್ಕೊಮ್ಮೆ ಅವರ ಫೋನು ತಪ್ಪಲಿಲ್ಲ.

೨೦೧೭ರಲ್ಲಿ ನನ್ನ ಮಗಳು ಶಾಹಿನಾಳಿಗೆ, ಹನ್ನೊಂದರ ಪ್ರಾಯದಲ್ಲಿ, ಮೊಣಕಾಲಿನ ಮೇಲಿನ ಎಲುಬಿನಲ್ಲಿ ಗಡ್ಡೆ ಕಂಡಿತು. ಜಯಂಟ್ ಸೆಲ್ ಟ್ಯೂಮರ್, ಮಕ್ಕಳಿಗೆ ಬರುವುದು ಬಹಳ ಅಪರೂಪ ಎಂದರು ಡಾಕ್ಟರ್ ಜಯಪಾಲ. ಗಡ್ಡೆಯನ್ನು ಕೆರೆದು ತೆಗೆದು ಆ ಪೊಳ್ಳಿಗೆ ಎಲುಬಿನ ಸಿಮೆಂಟು ತುಂಬಬೇಕು, ತಡವಾದರೆ ಒಮ್ಮೆ ಕಾಲು ಜಾರಿದರೂ ಎಲುಬು ಮುರಿಯಬಹುದು ಎಂದರು. ಆ ಸಿಮೆಂಟು ಗಟ್ಟಿಯಾಗುವಾಗ ಬಿಸಿಯಾಗುತ್ತದೆಂದು ಕೇಳಿ ನಾನು ಸರ್‌ಗೆ ಫೋನ್ ಮಾಡಿದೆ. ಅವರು ಎರಡು ಪುಟ ಲೆಕ್ಕ ಮಾಡಿ, ಶಾಖ ಕಾಲು ಬೆಳೆಯುವ ಜಾಗವನ್ನೇ ಮುಟ್ಟಿ ಬೆಳವಣಿಗೆ ನಿಲ್ಲಿಸೀತು ಎಂದರು. ಹೆದರಿ ನಾನು ಶಸ್ತ್ರಚಿಕಿತ್ಸೆಯ ದಿನವನ್ನು ಬಿಟ್ಟುಕೊಟ್ಟೆ.

ಮೂರನೇ ದಿನ ಬೆಳಗ್ಗೆ ಸರ್ ಬಸ್ಸಿಳಿದು ಮನೆಗೇ ಬಂದರು.

"ಎಂತ ಸರ್, ಫೋನ್ ಮಾಡಿದ್ರೆ ಸಾಕಿತ್ತಲ್ಲ?"

"ಇದು ಫೋನಲ್ಲಿ ಹೇಳುವಂಥದ್ದಲ್ಲ ರಸೀನಾ. ಲೆಕ್ಕ ತಪ್ಪಿದೆ. ಅಭ್ಯಾಸಬಲದಲ್ಲಿ ಎಲುಬಿಗೆ ಲೋಹದ ಅಂಕಿ ಹಾಕಿಬಿಟ್ಟೆ. ಲೋಹದಲ್ಲಿ ಶಾಖ ಓಡ್ತದೆ, ಎಲುಬಿನಲ್ಲಿ ತೆವಳ್ತದೆ. ಮತ್ತೆ, ಅಲಗಿಗೆ ರಕ್ತ ಇಲ್ಲ. ನಿನ್ನ ಮಗಳಿಗೆ ಉಂಟು, ಅದು ಶಾಖವನ್ನು ಹೊತ್ತುಕೊಂಡು ಹೋಗ್ತದೆ."

ಅತ್ತೆ ಆಸ್ಯಮ್ಮ ಬಾಗಿಲಿಗೆ ಬಂದರು. "ಮಾಸ್ಟ್ರೇ, ಮೊದಲು ಕೂತು ಚಾ ಕುಡಿಯಿರಿ. ತಪ್ಪು ಎಲ್ಲಿಗೂ ಓಡುದಿಲ್ಲ."

ಅಂದೇ ಅವರು ನಮ್ಮೊಡನೆ ಆಸ್ಪತ್ರೆಗೆ ಬಂದರು.

"ಇವರು ದಿನ ಬಿಟ್ಟದ್ದು ನನ್ನ ಮಾತು ಕೇಳಿ ಡಾಕ್ಟ್ರೇ. ಬೈಯುದಿದ್ರೆ ನನಗೆ ಬೈಯಿರಿ."

"ಬೈಲಿಕ್ಕೆ ಪುರುಸೊತ್ತಿಲ್ಲ," ಎಂದರು ಡಾಕ್ಟರ್. "ಬಿಸಿ ತಾಗದ ಹಾಗೆ ಅವಳದೇ ಸೊಂಟದ ಎಲುಬಿನ ಚೂರುಗಳನ್ನು ಮೊದಲು ಹಾಸಿ, ಅದರ ಮೇಲೆ ಸಿಮೆಂಟು. ತಣ್ಣಗಿನ ಸಲೈನ್ ಬಿಡ್ತಾ ಇರ್ತೇವೆ."

"ಹಾಸುವುದು ಎಷ್ಟು ದಪ್ಪ?"

"ಅದು ಕೈಗೆ ಗೊತ್ತಾಗುದು ಸರ್."

ಹನ್ನೊಂದು ದಿನ ತಡವಾಗಿ ಶಸ್ತ್ರಚಿಕಿತ್ಸೆಯಾಯಿತು. ಆ ಹನ್ನೊಂದು ದಿನ ನಾನು ಮಗಳನ್ನು ಅಂಗಳಕ್ಕೂ ಇಳಿಸಲಿಲ್ಲ. ಆ ದಿನಗಳಿಗಾಗಿ ಸರ್ ಮೇಲೆ ಮುನಿಯಬೇಕೇ, ತಪ್ಪನ್ನು ತಾವೇ ಹೊತ್ತು ಮನೆ ಬಾಗಿಲಿಗೆ ಬಂದುದಕ್ಕಾಗಿ ಕೈಮುಗಿಯಬೇಕೇ? ಎರಡು ವರ್ಷದಿಂದ ಯೋಚಿಸುತ್ತಿದ್ದೇನೆ, ಒಂದು ತೀರ್ಮಾನಕ್ಕೆ ಬರಲಾಗಲಿಲ್ಲ. ತಪ್ಪೇ ಮಾಡದ ಹಿರಿಯರು ಹಲವರು ನನಗೆ ಗೊತ್ತು; ಆದರೆ ಅಂಥ ದಿನ ಬಂದರೆ ನಾನು ಫೋನ್ ಮಾಡುವುದು ಇವರಿಗೇ.

ಮೊನ್ನೆಯ ಎಕ್ಸ್‌ರೇಯಲ್ಲಿ ಗಡ್ಡೆ ಮರಳಿದ್ದು ಕಂಡಿಲ್ಲ. ಮುಂದೆ ಮರಳುವುದಿಲ್ಲವೆಂದು, ಎರಡೂ ಕಾಲು ಸಮನಾಗಿ ಬೆಳೆಯುತ್ತವೆಂದು ಯಾರೂ ಖಾತ್ರಿ ಕೊಟ್ಟಿಲ್ಲ. ಇದನ್ನು ಬರೆಯುವಾಗ ಶಾಹಿನಾ ಬೆನ್ನ ಹಿಂದೆ ನಿಂತು ಓದಿ, "ಉಮ್ಮಾ, ನಾನು ಇನ್ನೂ ಉದ್ದ ಆಗ್ಲಿಕ್ಕುಂಟು ಅಂತ ಬರಿ" ಎಂದಳು.

ಅವಳು ಬೆಳೆದು ನಿಲ್ಲುವುದನ್ನು ನೋಡಲು ಫಿಡೆಲಿಸ್ ಸರ್ ಇರಲಿ. ಅದಾದ ಮೇಲೂ ಬಹುಕಾಲ ಆರೋಗ್ಯದಿಂದ ಇದ್ದು, ಲೆಕ್ಕ ಮಾಡುತ್ತಲೇ ಇರಲಿ.